ಫಿಜಿಗೆ ಹೊರಟಿದ್ದೇವೆ: ನಾಯಿ, ಬೆಕ್ಕು ಜೊತೆಗೆ ಬರಬಹುದಾ?

ಸಾಗರದ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಫಿಜಿಯ ಸುವಾದಲ್ಲಿ ಕೆಲಸ ಸಿಕ್ಕಿದೆ. ಮೂರು ವರ್ಷದ ಕರಾರು. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಬೇಕು. ನಮ್ಮ ಹತ್ತಿರ ಒಂದು ನಾಟಿ ನಾಯಿ ಇದೆ, ಹೆಸರು ಕರಿಯ, ಒಂಬತ್ತು ವರ್ಷ. ಎರಡು ಬೆಕ್ಕು ಇವೆ, ಇನ್ನೂ ಚಿಕ್ಕವು. ಲಸಿಕೆ ಎಲ್ಲ ಹಾಕಿಸಿದ್ದೇವೆ, ಪುಸ್ತಕ ಇದೆ.

ಒಬ್ಬ ಏಜೆಂಟ್ "ನಲವತ್ತೈದು ದಿನದಲ್ಲಿ ಕಳಿಸಿಕೊಡ್ತೀನಿ ಮೇಡಂ, ನೀವು ಅಡ್ವಾನ್ಸ್ ಹಾಕಿ ಸಾಕು" ಅನ್ನುತ್ತಿದ್ದಾನೆ. ಇನ್ನೊಬ್ಬರು ಫಿಜಿ ಅಂದ ತಕ್ಷಣ "ಅದೆಲ್ಲ ನಾವು ಮಾಡಲ್ಲ" ಅಂತ ಫೋನ್ ಇಟ್ಟರು. ಯಾರನ್ನು ನಂಬೋದು? ದುಬೈಗೆ, ಅಮೆರಿಕಕ್ಕೆ ಕರೆದುಕೊಂಡು ಹೋದವರು ಬೇಕಾದಷ್ಟು ಸಿಗುತ್ತಾರೆ. ಪೆಸಿಫಿಕ್ ಕಡೆ ಹೋದವರು ಯಾರಾದರೂ ಇದ್ದೀರಾ?

ಸುವಾ ಮಳೆ:
ಮೇಡಂ, ನಾನು ಸುವಾದಲ್ಲೇ ಇದ್ದೇನೆ. ಮೊದಲ ಮಾತು: ಅಡ್ವಾನ್ಸ್ ಹಾಕಬೇಡಿ.

ಫಿಜಿಯಲ್ಲಿ ರೇಬೀಸ್ ಇಲ್ಲ. ಅದನ್ನು ಹಾಗೇ ಉಳಿಸಿಕೊಳ್ಳಬೇಕು ಅಂತ ಇಲ್ಲಿನವರು ಗಟ್ಟಿಯಾಗಿ ನಿಂತಿದ್ದಾರೆ. ಫಿಜಿ ಬಯೋಸೆಕ್ಯೂರಿಟಿ ಪ್ರಾಧಿಕಾರ ಅಂತ ಒಂದು ಸಂಸ್ಥೆ ಇದೆ, ಎಲ್ಲರ ಬಾಯಲ್ಲೂ ಅದು 'ಬಾಫ್'. ಅವರ ಆಮದು ಪರವಾನಗಿ ಕೈಯಲ್ಲಿ ಇಲ್ಲದೆ ಯಾವ ನಾಯಿ ಬೆಕ್ಕೂ ನಾಂದಿ ವಿಮಾನ ನಿಲ್ದಾಣದಲ್ಲಿ ಇಳಿಯುವ ಹಾಗಿಲ್ಲ. ನಾಯಿ ಬಿಡಿ, ಬ್ಯಾಗಿನಲ್ಲಿ ತರಕಾರಿ ಬೀಜ ಇದ್ದರೂ ಬರೆದುಕೊಡಬೇಕು.

ನನಗೆ ಗೊತ್ತಿರುವ ಮನೆಗಳಲ್ಲಿ ಹೊರಗಿನಿಂದ ಬಂದ ಪ್ರಾಣಿಗಳೆಲ್ಲ ಆಸ್ಟ್ರೇಲಿಯಾದಿಂದಲೋ ನ್ಯೂಜಿಲೆಂಡಿನಿಂದಲೋ ಬಂದವು. ಭಾರತದಿಂದ ಸೀದಾ ಬಂದ ಒಂದು ನಾಯಿಯನ್ನೂ ನಾನು ಇಲ್ಲಿ ಕಂಡಿಲ್ಲ. ನಿಮ್ಮ ಏಜೆಂಟ್ ಬಾಫ್‌ನಿಂದ ಬರಹದಲ್ಲಿ ಉತ್ತರ ತಂದಿದ್ದಾನಾ ಕೇಳಿ. ತಂದಿಲ್ಲ ಅಂದರೆ ಅವನ ನಲವತ್ತೈದು ದಿನ ಬರೀ ಬಾಯಿಮಾತು.

ಸುಮ್ನೆ ಕೇಳ್ದೆ:
ಅಲ್ಲ, ಅವರ ನಾಯಿಗೆ ಲಸಿಕೆ ಆಗಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಅದರಲ್ಲೂ ಪಾಸಾಗಬಹುದು. ಆಮೇಲೂ ಬೇಡ ಅಂದರೆ ಭಾರತದಿಂದ ಬಂದಿದ್ದು ಅನ್ನೋ ತಾತ್ಸಾರ ಅಲ್ವಾ ಇದು?

ಹೆಬ್ಬಾಳದ ಹಳೇ ವಿದ್ಯಾರ್ಥಿ:
ತಾತ್ಸಾರ ಅಲ್ಲ. ನಾನು ಪಶುವೈದ್ಯ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ರೇಬೀಸ್ ವೈರಸ್ ಮೈಯೊಳಗೆ ಹೊಕ್ಕ ಮೇಲೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಆ ಹೊತ್ತಿನಲ್ಲಿ ನಾಯಿ ಆರಾಮಾಗಿ ತಿನ್ನುತ್ತದೆ, ಆಡುತ್ತದೆ. ಲಸಿಕೆ ಹಾಕುವ ಮೊದಲೇ ಕಚ್ಚಿಸಿಕೊಂಡಿದ್ದರೆ ರಕ್ತ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಆ ಪರೀಕ್ಷೆ ತೋರಿಸುವುದು ಲಸಿಕೆ ಹಿಡಿದಿದೆಯಾ ಅನ್ನುವುದನ್ನು ಮಾತ್ರ. ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಪ್ರತಿಕಾಯ ಇದ್ದರೆ ಪಾಸು. ಹಾಗಾಗಿಯೇ ರೇಬೀಸ್ ಇಲ್ಲದ ದೇಶಗಳು ಪರೀಕ್ಷೆಯ ಜೊತೆಗೆ ಕಾಯುವ ಅವಧಿಯನ್ನೂ ಕೇಳುತ್ತವೆ. ಆಸ್ಟ್ರೇಲಿಯಾಕ್ಕೆ ಅದು 180 ದಿನ. ಈಗ ನೀವೇ ಹೇಳಿ, ನಲವತ್ತೈದು ದಿನದಲ್ಲಿ ಹೇಗೆ ಆಗುತ್ತೆ?

ಇನ್ನು ದ್ವೀಪದವರಿಗೆ ಯಾಕೆ ಇಷ್ಟು ಭಯ ಅಂದರೆ, ಪಕ್ಕದಲ್ಲೇ ಉದಾಹರಣೆ ಇವೆ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ರೇಬೀಸ್ ಇರಲಿಲ್ಲ. 1997ರಲ್ಲಿ ಮೀನುಗಾರರ ದೋಣಿಯಲ್ಲಿ ಬಂದ ನಾಯಿಗಳ ಜೊತೆ ಬಂತು. ಬಾಲಿಯಲ್ಲೂ ಇರಲಿಲ್ಲ. 2008ರಲ್ಲಿ ಬಂತು, ಇವತ್ತಿಗೂ ಹೋಗಿಲ್ಲ. 2024ರಲ್ಲಿ ಪೂರ್ವ ತಿಮೋರ್‌ನಲ್ಲೂ ಕಾಣಿಸಿಕೊಂಡಿತು. ಒಳಗೆ ಬರಲು ಒಂದು ಪ್ರಾಣಿ ಸಾಕು. ಹೊರಗೆ ಹಾಕಲು ವರ್ಷಗಳೇ ಸಾಲುವುದಿಲ್ಲ.

ಫಿಜಿಯಲ್ಲಿ ಇನ್ನೊಂದು ತಲೆನೋವು ಇದೆ, ಅದು ನಮ್ಮ ಕಡೆಯದೇ. ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ 1883ರಲ್ಲಿ ಅಲ್ಲಿಗೆ ನಮ್ಮ ಮುಂಗುಸಿ ತಂದು ಬಿಟ್ಟರು. ಕಬ್ಬು ಕಡಿಯಲು ನಮ್ಮವರನ್ನು ತುಂಬಿಕೊಂಡು ಮೊದಲ ಹಡಗು ಹೋಗಿದ್ದು 1879ರಲ್ಲಿ, ಅಂದರೆ ಜನರ ಬೆನ್ನಿಗೇ ಮುಂಗುಸಿ. ಈಗ ವಿಟಿ ಲೆವು, ವನುವಾ ಲೆವು ಎರಡೂ ದೊಡ್ಡ ದ್ವೀಪಗಳ ತುಂಬಾ ಅವೇ. ಕೆರಿಬಿಯನ್ ಕಡೆ ಪೋರ್ಟೊ ರಿಕೊ, ಗ್ರೆನಡಾದಲ್ಲಿ ರೇಬೀಸ್ ಹರಡುವುದೇ ಇದೇ ಜಾತಿಯ ಮುಂಗುಸಿ. ಫಿಜಿಯಲ್ಲಿ ಅದಕ್ಕೆ ಒಂದು ಸಲ ತಗುಲಿದರೆ ಬೀದಿನಾಯಿಗಳಿಗೆಲ್ಲ ಲಸಿಕೆ ಹಾಕಿದರೂ ಮುಗಿಯುವುದಿಲ್ಲ. ಕಾಡಿನ ಮುಂಗುಸಿಗೆ ಸೂಜಿ ಹಾಕೋರು ಯಾರು?

ಸುಮ್ನೆ ಕೇಳ್ದೆ:
ಸರಿ ಡಾಕ್ಟ್ರೇ. ಮುಂಗುಸಿ ವಿಷಯ ಗೊತ್ತಿರಲಿಲ್ಲ.

ಬೀದಿನಾಯಿ ಅಕ್ಕ:
ನಿಯಮ ಏನೇ ಇರಲಿ. ಒಂಬತ್ತು ವರ್ಷ ಸಾಕಿದ ನಾಯಿಯನ್ನು ಬಿಟ್ಟು ಹೋಗಲು ಮನಸ್ಸು ಹೇಗೆ ಬರುತ್ತದೆ? ಮಕ್ಕಳಾಗಿದ್ದರೆ ಬಿಟ್ಟು ಹೋಗ್ತಿದ್ರಾ? ಆಗಲ್ಲ ಅಂದರೆ ಆ ಕೆಲಸವೇ ಬೇಡ ಅನ್ನಬೇಕು. ಇಂಥವರಿಂದಲೇ ನಮ್ಮ ಶೆಲ್ಟರ್ ತುಂಬಿರೋದು.

ಸಾಗರದ ಸೊಸೆ:
ಅಕ್ಕಾ, ಬಿಟ್ಟು ಹೋಗ್ತೀನಿ ಅಂತ ನಾನು ಎಲ್ಲೂ ಬರೆದಿಲ್ಲ. ಕರೆದುಕೊಂಡು ಹೋಗೋದು ಹೇಗೆ ಅಂತ ಕೇಳಿದ್ದು. ಎರಡು ವಾರದಿಂದ ನಿದ್ದೆ ಇಲ್ಲ ನನಗೆ.

ಆಕ್ಲೆಂಡ್ ಗೌಡ:
ಅಕ್ಕ ತಂಗಿ ಇಬ್ಬರೂ ಸಮಾಧಾನ ಮಾಡ್ಕೊಳ್ಳಿ. ನಾನು ನಮ್ಮ ಬೆಕ್ಕನ್ನು ಆಕ್ಲೆಂಡಿನಿಂದ ನಾಂದಿಗೆ ಕರೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ವಾಪಸ್ ತಂದವನು. ದಾರಿ ಇದೆ. ಆದರೆ ಅದು ಎಲ್ಲರಿಗೂ ಆಗುವ ದಾರಿ ಅಲ್ಲ.

ನ್ಯೂಜಿಲೆಂಡ್ ಭಾರತದಿಂದ ಸೀದಾ ನಾಯಿ ಬೆಕ್ಕು ತೆಗೆದುಕೊಳ್ಳುವುದಿಲ್ಲ. ಆಸ್ಟ್ರೇಲಿಯಾವೂ ಇಲ್ಲ. ಎರಡೂ ದೇಶಗಳ ಹತ್ತಿರ ಒಪ್ಪಿದ ದೇಶಗಳ ಪಟ್ಟಿ ಇದೆ, ಅದರಲ್ಲಿ ಭಾರತ ಇಲ್ಲ. ಮೊದಲು ಪಟ್ಟಿಯಲ್ಲಿರುವ ದೇಶವೊಂದಕ್ಕೆ ಹೋಗಬೇಕು. ಪ್ರಾಣಿ ಅಲ್ಲಿ ತಿಂಗಳುಗಟ್ಟಲೆ ಇರಬೇಕು, ನ್ಯೂಜಿಲೆಂಡಿಗಾದರೆ ಅರ್ಧ ವರ್ಷ ಅಂತಲೇ ಇಟ್ಟುಕೊಳ್ಳಿ. ಅಲ್ಲಿಂದ ಪರೀಕ್ಷೆ, ಪರವಾನಗಿ. ಇಳಿದ ಮೇಲೆ ಕಮ್ಮಿ ಅಂದರೂ 10 ದಿನ ಕ್ವಾರಂಟೈನ್, ಅದರ ಖರ್ಚು ನಮ್ಮದೇ. ಆಸ್ಟ್ರೇಲಿಯಾದಲ್ಲಿ ಇಡೀ ದೇಶಕ್ಕೆ ನಾಯಿ ಬೆಕ್ಕುಗಳ ಸರ್ಕಾರಿ ಕ್ವಾರಂಟೈನ್ ಒಂದೇ, ಮೆಲ್ಬರ್ನ್ ಹತ್ತಿರ ಮಿಕಲ್‌ಹ್ಯಾಮ್‌ನಲ್ಲಿ. ಜಾಗ ಸಿಗೋದೇ ಒಂದು ಕೆಲಸ.

ನಮಗೆ ಹೇಗೆ ಆಯ್ತು ಅಂದರೆ, ನಾವು ಮೊದಲೇ ದುಬೈಯಲ್ಲಿ ಇದ್ದವರು. ಬೆಕ್ಕು ಸಿಕ್ಕಿದ್ದೂ ಅಲ್ಲೇ. ಪ್ರಾಣಿಗೋಸ್ಕರ ಬೇರೆ ದೇಶದಲ್ಲಿ ಮನೆ ಮಾಡಬೇಕಾಗಿ ಬರಲಿಲ್ಲ. ನೀವು ಬೆಂಗಳೂರಿನಿಂದ ಹೊರಡುವವರು. ನೀವು ಸುವಾದಲ್ಲಿ, ಬೆಕ್ಕು ಮೂರನೇ ದೇಶದಲ್ಲಿ. ಯಾರ ಮನೆಯಲ್ಲಿ? ಅಲ್ಲಿ ಯಾರೂ ಇಲ್ಲ ಅಂದರೆ ದುಡ್ಡು ಕೊಟ್ಟು ಕೆನೆಲ್‌ನಲ್ಲಿ.

ಇನ್ನೊಂದು ಚಿಕ್ಕ ವಿಷಯ ಹೇಳಿಬಿಡ್ತೀನಿ. ಹೊರಡುವ ಹಿಂದಿನ ದಿನ ವೆಟ್ ನಮ್ಮ ಬೆಕ್ಕಿನ ಮೈಯೆಲ್ಲ ಬೆರಳಲ್ಲಿ ಬಾಚಿ ನೋಡಿದರು. ಕಿವಿ ಹಿಂದೆ, ಕಾಲ್ಬೆರಳ ಸಂದಿ, ಬಾಲದ ಬುಡ. ಎಡಗಿವಿಯ ಮಡಿಕೆಯಲ್ಲಿ ಎಳ್ಳಿನ ಕಾಳಿನಷ್ಟು ಒಂದು ಉಣ್ಣಿ. ಅಷ್ಟೇ, ಅವತ್ತಿನ ಕಾಗದಕ್ಕೆ ಸಹಿ ಇಲ್ಲ. ಔಷಧಿ ಹಾಕಿ, ಮತ್ತೆ ನೋಡಿ, ವಿಮಾನ ಬದಲಿಸಿದರು. ಟಿಕೆಟ್ ಬದಲಿಸುವ ದುಡ್ಡು ಹೋದರೆ ಹೋಗಲಿ, ಇನ್ನೊಂದು ವಾರ ರಜೆ ಕೇಳಲು ಆಫೀಸಿನಲ್ಲಿ ನಿಂತ ಸಂಕಟ ಬೇಡ.

ದೋಸೆ ಪ್ರಿಯ:
ಹಾಲಿವುಡ್ ನಟ ಜಾನಿ ಡೆಪ್ ಮಾಡಿದ ಹಾಗೆ ಸ್ವಂತ ವಿಮಾನ ಇಟ್ಕೊಳ್ಳಿ 😄

ಆಕ್ಲೆಂಡ್ ಗೌಡ:
ಅವರ ಕಥೆಯೂ ಗೊತ್ತಲ್ವಾ? 2015ರಲ್ಲಿ ಎರಡು ಪುಟ್ಟ ನಾಯಿಗಳನ್ನು ಹೇಳದೆ ಆಸ್ಟ್ರೇಲಿಯಾಕ್ಕೆ ತಂದರು. ಅಲ್ಲಿನ ಮಂತ್ರಿ "ವಾಪಸ್ ಕಳಿಸಿ, ಇಲ್ಲ ಕೊಲ್ಲಿಸುತ್ತೇವೆ" ಅಂತ ಗಡುವು ಕೊಟ್ಟರು. ಅಂಥ ಸ್ಟಾರ್ ಕೈಯಲ್ಲೇ ಆಗಲಿಲ್ಲ, ಏಜೆಂಟ್ ಕೈಯಲ್ಲಿ ಆಗುತ್ತಾ?

ಹೆಬ್ಬಾಳದ ಹಳೇ ವಿದ್ಯಾರ್ಥಿ:
ಗೌಡ್ರು ಹೇಳಿದ್ದು ಸರಿ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು, ಎಲ್ಲಿಗೆ ಹೋಗುವವರಾದರೂ ಸರಿ. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. 15 ಅಂಕಿಯ ಚಿಪ್ ಇರಬೇಕು. ಚಿಪ್ ಹಾಕುವ ಮೊದಲು ಕೊಟ್ಟ ಲಸಿಕೆಯನ್ನು ಬಹಳ ದೇಶಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾವ ನಾಯಿಗೆ ಲಸಿಕೆ ಹಾಕಿದ್ದು ಅನ್ನುವುದಕ್ಕೆ ಅವರ ಪ್ರಕಾರ ಚಿಪ್ ನಂಬರೇ ಸಾಕ್ಷಿ. ಪುಸ್ತಕದಲ್ಲಿ 'ಕರಿಯ, ಕಪ್ಪು ಬಣ್ಣ' ಅಂತ ಬರೆದರೆ ಕೇಳೋರು ಯಾರು? ಊರಲ್ಲಿ ಅರ್ಧ ನಾಯಿಗಳು ಕರಿಯಗಳೇ.

ಭಾರತದಿಂದ ಹೊರಡುವಾಗ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಆರೋಗ್ಯ ಪ್ರಮಾಣಪತ್ರ ಬೇಕು. ಬೆಂಗಳೂರಿನಲ್ಲೇ ಕಚೇರಿ ಇದೆ, ಚೆನ್ನೈಗೆ ಓಡಬೇಕಿಲ್ಲ. ಆದರೆ ಅದು ನಮ್ಮ ಕಡೆಯಿಂದ ಹೊರಡಲು ಕೊಡುವ ಕಾಗದ ಮಾತ್ರ. ಆ ಕಡೆ ಇಳಿಸಿಕೊಳ್ಳುತ್ತಾರೆ ಅಂತ ಅದರ ಅರ್ಥ ಅಲ್ಲ. ಏಜೆಂಟರು ಇದನ್ನೇ ತೋರಿಸಿ "ಎಲ್ಲಾ ಆಯ್ತು" ಅಂತಾರೆ.

ಕರಿಯನ ಬಗ್ಗೆ ನೇರವಾಗಿ ಹೇಳುತ್ತೇನೆ. ಅವನು ನನ್ನ ಪೇಷೆಂಟ್ ಆಗಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಒಂಬತ್ತು ವರ್ಷದ ನಾಯಿ. ಮೂರನೇ ದೇಶದ ಕೆನೆಲ್‌ನಲ್ಲಿ ಅರ್ಧ ವರ್ಷ, ಆಮೇಲೆ ಕ್ವಾರಂಟೈನ್, ನಡುವೆ ಕಾರ್ಗೋದಲ್ಲಿ ಪ್ರಯಾಣ. ಸುವಾ ತಲುಪುವ ಹೊತ್ತಿಗೆ ಹತ್ತು ದಾಟಿರುತ್ತದೆ. ಮೂರು ವರ್ಷ ಆದ ಮೇಲೆ ಮತ್ತೆ ಹೊರಡಬೇಕು. ಇದು ಅವನಿಗೋಸ್ಕರ ಮಾಡುವ ಪ್ರಯಾಣ ಅಲ್ಲ.

ಬೀದಿನಾಯಿ ಅಕ್ಕ:
ಡಾಕ್ಟರ್ ಹೇಳಿದ್ದು ಒಪ್ಪುತ್ತೇನೆ. ನಾನು ಬರೆದಿದ್ದು ಸ್ವಲ್ಪ ಖಾರ ಆಯ್ತು. ಆದರೆ 'ಊರಲ್ಲಿ ಬಿಡ್ತೀವಿ' ಅಂದವರ ನಾಯಿಗಳನ್ನು ನಾನು ಹೈವೇ ಪಕ್ಕ ಎತ್ತಿಕೊಂಡು ಬಂದಿದ್ದೇನೆ. ಯಾರ ಹತ್ತಿರ ಬಿಡುತ್ತೀರಿ, ಅವರ ವಯಸ್ಸೆಷ್ಟು, ಹುಷಾರಿಲ್ಲದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋರು ಯಾರು, ತಿಂಗಳಿಗೆ ಎಷ್ಟು ಕಳಿಸ್ತೀರಿ? ಇಷ್ಟನ್ನು ಮೊದಲೇ ಮಾತಾಡಿಕೊಳ್ಳಿ. 'ನೋಡ್ಕೋತಾರೆ ಬಿಡಿ' ಅನ್ನೋದು ಸಾಲದು.

ಸಾಗರದ ಸೊಸೆ:
ಸಾಗರದ ಹತ್ತಿರ ಅತ್ತೆ ಮಾವ ಇದ್ದಾರೆ. ಅಡಿಕೆ ತೋಟದ ಮನೆ. ಬೇಸಿಗೆ ರಜೆಯಲ್ಲಿ ಕರಿಯ ಅಲ್ಲೇ ಇರುತ್ತಾನೆ, ಮಂಗ ಓಡಿಸುವುದು ಅವನಿಗೆ ಹಬ್ಬ. ಮಾವ ಫೋನಿನಲ್ಲಿ "ಅವನನ್ನು ಎಲ್ಲಿಗೂ ತಗೊಂಡು ಹೋಗಬೇಡಿ, ಇಲ್ಲಿ ಬಿಟ್ಟು ನೀವು ಬೇಕಾದರೆ ಹೋಗಿ" ಅಂದರು. ಮೈದುನನೂ ಜೊತೆಗಿದ್ದಾನೆ, ಜೀಪ್ ಇದೆ, ಪೇಟೆಗೆ ಕರೆದುಕೊಂಡು ಹೋಗುತ್ತಾನೆ. ಒಂದೇ ಹೆದರಿಕೆ ಚಿರತೆ. ಹೋದ ವರ್ಷ ಪಕ್ಕದ ಮನೆ ನಾಯಿಯನ್ನು ಅಂಗಳದಿಂದಲೇ ಹೊತ್ತುಕೊಂಡು ಹೋಯ್ತು.

ಹೆಬ್ಬಾಳದ ಹಳೇ ವಿದ್ಯಾರ್ಥಿ:
ರಾತ್ರಿ ಹೊರಗೆ ಕಟ್ಟಲೇಬಾರದು. ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಕೊಟ್ಟಿಗೆಯಲ್ಲೂ ಬೇಡ, ಬಾಗಿಲು ಹಾಕುವ ಕೋಣೆಯೇ ಆಗಬೇಕು. ಉಣ್ಣಿಗೆ ತಪ್ಪದೆ ಔಷಧಿ ಹಾಕಿಸಿ. ಸಾಗರದ ಸೊಸೆಗೆ ಉಣ್ಣಿಯ ಬಗ್ಗೆ ನಾನು ಹೇಳಬೇಕಾ? ಮಂಗನ ಕಾಯಿಲೆ ಮೊದಲು ಸಿಕ್ಕಿದ್ದೇ ನಿಮ್ಮ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ, 1957ರಲ್ಲಿ. ರೇಬೀಸ್ ಲಸಿಕೆ ವರ್ಷ ವರ್ಷ ಹಾಕಿಸಲು ಮೈದುನನ ಫೋನಿನಲ್ಲೇ ತಾರೀಖು ಹಾಕಿಡಿ.

ಸುವಾ ಮಳೆ:
ಬೆಕ್ಕುಗಳ ವಿಷಯ ಇನ್ನೂ ಬಾಕಿ ಇದೆ. ಅದಕ್ಕೆ ಮೊದಲು ಇಲ್ಲಿ ಪ್ರಾಣಿ ಸಾಕೋದು ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ. ಎಲ್ಲರೂ ಸಮುದ್ರ ತೀರದ ಫೋಟೋ ನೋಡಿಕೊಂಡು ಬರುತ್ತಾರೆ.

ಸುವಾ ಇರುವುದು ದ್ವೀಪದ ಮಳೆ ಬೀಳುವ ಕಡೆ. ಆಗುಂಬೆ ನೋಡಿದವರಿಗೆ ಹೆದರಿಕೆ ಆಗಲ್ಲ, ಆದರೆ ಬಟ್ಟೆ ಒಣಗಲ್ಲ, ನಾಯಿಯ ಚರ್ಮವೂ ಒಣಗಲ್ಲ. ಕಜ್ಜಿ, ಉಣ್ಣಿ ಜಾಸ್ತಿ. ಸೊಳ್ಳೆಯಿಂದ ಹೃದಯದ ಹುಳು ಬರುತ್ತದೆ, ಅದಕ್ಕೆ ತಿಂಗಳು ತಿಂಗಳು ಮಾತ್ರೆ ಬೇಕು. ನೆರೆ ಬಂದಾಗ ಇಲಿಜ್ವರ ಮನುಷ್ಯರಿಗೂ ಬರುತ್ತದೆ, ನಾಯಿಗೂ ಬರುತ್ತದೆ. ಪಶುವೈದ್ಯರು ಕಮ್ಮಿ. ಸುವಾದಲ್ಲಿ ಎಸ್‌ಪಿಸಿಎ ಅನ್ನೋ ಪ್ರಾಣಿ ದಯಾ ಸಂಘದ ಆಸ್ಪತ್ರೆ ಇದೆ, ನಾಂದಿ ಕಡೆ ಅನಿಮಲ್ಸ್ ಫಿಜಿ ಅನ್ನೋ ಅಂಥದ್ದೇ ಸಂಸ್ಥೆ ಇದೆ. ಚಿಕ್ಕ ದ್ವೀಪಗಳಿಗೆ ಹೋದರೆ ಅದೂ ಇಲ್ಲ. ದೊಡ್ಡ ಆಪರೇಷನ್, ಸ್ಕ್ಯಾನಿಂಗ್ ಅಂದರೆ ಬೆಂಗಳೂರಿನಲ್ಲಿ ಸಿಕ್ಕ ಹಾಗೆ ಸಿಗುತ್ತೆ ಅಂದುಕೊಳ್ಳಬೇಡಿ. ಡಬ್ಬಿ ಆಹಾರ ಬಹುಪಾಲು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಮಾಲು, ಬೆಲೆಯೂ ಹಾಗೇ ಇರುತ್ತದೆ. ನಮ್ಮ ಮನೆ ನಾಯಿಗೆ ಅನ್ನ ಮೀನೇ ಗತಿ, ಅದಕ್ಕೇನೂ ಬೇಜಾರಿಲ್ಲ.

ಎಲ್ಲಕ್ಕಿಂತ ಹುಷಾರಾಗಿರಬೇಕಾದ್ದು ಕೇನ್ ಟೋಡ್ ಅನ್ನೋ ಕಪ್ಪೆಯ ಬಗ್ಗೆ. 1936ರಲ್ಲಿ ತಂದು ಬಿಟ್ಟಿದ್ದು, ಇದೂ ಕಬ್ಬಿನ ಗದ್ದೆಯ ಹುಳ ತಿನ್ನಲಿ ಅಂತ. ಕಬ್ಬಿನವರು ಈ ದ್ವೀಪಕ್ಕೆ ಏನೇನು ಹೊತ್ತು ತಂದರೋ! ಅಂಗೈಯಷ್ಟು ದೊಡ್ಡದು, ಒರಟು ಚರ್ಮ. ಮಳೆ ನಿಂತ ರಾತ್ರಿ ದೀಪದ ಕೆಳಗೆ ಬಂದು ಕೂರುತ್ತದೆ, ನಾಯಿಯ ಊಟದ ತಟ್ಟೆಗೇ ಬಾಯಿ ಹಾಕುತ್ತದೆ. ನಾಯಿ ಕಚ್ಚಿದರೆ ಕಪ್ಪೆಯ ಕಿವಿ ಹಿಂದಿನ ಗ್ರಂಥಿಯಿಂದ ಬಿಳಿ ವಿಷ ಬರುತ್ತದೆ. ನಮ್ಮ ನಾಯಿಗೆ ಮೊದಲು ಜೊಲ್ಲು ನೊರೆ ನೊರೆಯಾಗಿ ಸುರಿಯಿತು. ಒಸಡು ಕೆಂಪಗಾಯಿತು, ತಲೆ ಕೊಡವುತ್ತಾ ಗೋಡೆಗೆ ಡಿಕ್ಕಿ ಹೊಡೆಯಲು ಶುರು ಮಾಡಿತು. ಒದ್ದೆ ಬಟ್ಟೆಯಲ್ಲಿ ಒಸಡು, ನಾಲಿಗೆ ಒರೆಸಬೇಕು, ಬಟ್ಟೆ ತೊಳೆದು ಮತ್ತೆ ಒರೆಸಬೇಕು. ನೀರು ಬಿಡುವುದಾದರೆ ಬಾಯಿಯ ಪಕ್ಕದಿಂದ ಮುಂದಕ್ಕೆ ಹರಿಯುವ ಹಾಗೆ ಬಿಡಬೇಕು. ಗಂಟಲಿಗೆ ನೀರು ಹೋದರೆ ವಿಷವೂ ಜೊತೆಗೆ ಹೋಗುತ್ತದೆ. ಆಮೇಲೆ ನೇರ ಡಾಕ್ಟರ ಹತ್ತಿರ. ಅವತ್ತಿನಿಂದ ಕತ್ತಲಾದ ಮೇಲೆ ತಟ್ಟೆ ಒಳಗೆ, ನಾಯಿಯೂ ಒಳಗೆ.

ದೀಪಾವಳಿ ಇಲ್ಲಿ ಸರ್ಕಾರಿ ರಜೆ. ಪಟಾಕಿ ಬೆಂಗಳೂರಿಗೆ ಏನೂ ಕಮ್ಮಿ ಇಲ್ಲ, ನಾಯಿಗೆ ಆ ಕಷ್ಟ ಇಲ್ಲಿಯೂ ತಪ್ಪಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಬಂದಾಗ 44 ಜನ ಸತ್ತರು. ಮನೆ ಹಿಡಿಯುವಾಗ ಚಾವಣಿ ಗಟ್ಟಿ ಇದೆಯಾ, ಜಾಗ ಎತ್ತರದಲ್ಲಿದೆಯಾ ನೋಡಿ.

ಸಾಗರದ ಸೊಸೆ:
ಬೆಕ್ಕುಗಳನ್ನಾದರೂ ಗೌಡರು ಹೇಳಿದ ದಾರಿಯಲ್ಲಿ ತರಬಹುದಾ? ನನ್ನ ಅಕ್ಕ ಸಿಂಗಪುರದಲ್ಲಿ ಇದ್ದಾಳೆ.

ಆಕ್ಲೆಂಡ್ ಗೌಡ:
ಸಿಂಗಪುರಕ್ಕೆ ಭಾರತದ ಬೆಕ್ಕು ಹೋಗಬೇಕಾದರೂ ಲಸಿಕೆ, ರಕ್ತ ಪರೀಕ್ಷೆ, ಪರವಾನಗಿ, ಕ್ವಾರಂಟೈನ್ ಇವೆ. ಅದು ಮುಗಿದ ಮೇಲೆ ನಿಮ್ಮ ಅಕ್ಕನ ಮನೆ. ಅಲ್ಲಿ ಫ್ಲ್ಯಾಟಿನಲ್ಲಿ ಬೆಕ್ಕು ಸಾಕಲು ಬೇರೆ ನಿಯಮ ಇವೆ, ಅಕ್ಕನನ್ನೇ ವಿಚಾರಿಸಲು ಹೇಳಿ. ಆಮೇಲೆ ಫಿಜಿಯವರು ಸಿಂಗಪುರದಿಂದ ಬರುವ ಬೆಕ್ಕಿಗೆ ಏನು ಕೇಳುತ್ತಾರೆ ಅಂತ ಬಾಫ್‌ಗೆ ಈಗಲೇ ಬರೆಯಿರಿ. ಬೆಕ್ಕಿನ ವಯಸ್ಸು, ಚಿಪ್, ಎಲ್ಲಿ ಎಷ್ಟು ತಿಂಗಳು ಇರುತ್ತದೆ, ಯಾವ ವಿಮಾನ, ಎಲ್ಲಾ ಒಂದೇ ಮೇಲ್‌ನಲ್ಲಿ ಇರಲಿ. ಉತ್ತರ ಬರುವ ತನಕ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ವಿಮಾನ ಎಲ್ಲೆಲ್ಲಿ ಇಳಿಯುತ್ತದೋ ಆ ದೇಶದ್ದೂ ಒಂದು ನಿಯಮ ಇರುತ್ತದೆ, ಅದನ್ನೂ ಕೇಳಿ.

ಬೆಕ್ಕು ಚಿಕ್ಕದು, ಅಕ್ಕ ಒಪ್ಪುತ್ತಾಳೆ, ದುಡ್ಡಿಗೆ ತೊಂದರೆ ಇಲ್ಲ ಅಂದರೆ ಪ್ರಯತ್ನ ಮಾಡಬಹುದು. ಮೂರರಲ್ಲಿ ಒಂದು ಇಲ್ಲ ಅಂದರೂ ಬೇಡ.

ದೋಸೆ ಪ್ರಿಯ:
ತಮಾಷೆ ಬಿಟ್ಟು ಒಂದು ವಿಷಯ. ಪೆಸಿಫಿಕ್‌ನಲ್ಲಿ ಒಂದೊಂದು ದ್ವೀಪಕ್ಕೂ ಒಂದೊಂದು ರೂಲ್ಸ್. ಕುಕ್ ದ್ವೀಪಗಳ ಐಟುಟಾಕಿಯಲ್ಲಿ ನಾಯಿಯನ್ನೇ ಬಿಡಲ್ಲ, ಹೋಗಿದ್ದಾಗ ಒಂದೂ ಕಾಣಲಿಲ್ಲ. ಪಕ್ಕದ ರಾರೊಟೊಂಗಾದಲ್ಲಿ ಬೀಚ್ ತುಂಬಾ ನಾಯಿ.

ಸುವಾ ಮಳೆ:
ಹೌದು, ಇಲ್ಲಿ ಫಿಜಿಯ ಒಳಗೇ ದ್ವೀಪದಿಂದ ದ್ವೀಪಕ್ಕೆ ಬೇರೆ ಬೇರೆ. ತವೆಉನಿಯಲ್ಲಿ ಮುಂಗುಸಿ ಇಲ್ಲ, ಹಾಗಾಗಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಅಲ್ಲಿ ಉಳಿದಿವೆ. ಯದುವಾ ತಬಾ ಅನ್ನೋ ಪುಟ್ಟ ದ್ವೀಪದಲ್ಲಿ ಜುಟ್ಟಿನ ಇಗುವಾನಾ ಇದೆ, ಹಸಿರು ಓತಿಕ್ಯಾತನ ದೊಡ್ಡಣ್ಣ. ಹೊರಗಿನವರಿಗೆ ಅದು ಗೊತ್ತಾಗಿದ್ದೇ 1979ರಲ್ಲಿ. ಅಂಥ ಕಡೆ ಬೆಕ್ಕು ತಪ್ಪಿಸಿಕೊಂಡರೆ ಮುಗಿಯಿತು. ಸುವಾದಲ್ಲೂ ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ, ಕೆಲವರಿಗೆ ಇಷ್ಟ ಆಗಲ್ಲ.

ಮೇಡಂ, ಇನ್ನೊಂದು ಯೋಚನೆ. ಮೂರು ವರ್ಷಕ್ಕೆ ಬರುವವರು ಇಲ್ಲೇ ಎಸ್‌ಪಿಸಿಎಯಿಂದ ಒಂದು ಬೆಕ್ಕನ್ನೋ ನಾಯಿಯನ್ನೋ ಸ್ವಲ್ಪ ದಿನ ನೋಡಿಕೊಳ್ಳಲು ಕೇಳಿ ನೋಡಬಹುದು. ಇಲ್ಲಿ ಮರಿಗಳಿಗೆ ಕೊರತೆ ಇಲ್ಲ, ಮನೆಗಳಿಗೇ ಕೊರತೆ. ಆದರೆ ಶಾಶ್ವತವಾಗಿ ತೆಗೆದುಕೊಳ್ಳುವ ಮೊದಲು ವಾಪಸ್ ಹೋಗುವಾಗ ಏನು ಅಂತ ಯೋಚಿಸಿ. ಕರಾರು ಮುಗಿಸಿ ಹೋದವರು ಗೇಟಿನಲ್ಲಿ ಬಿಟ್ಟುಹೋದ ನಾಯಿಗಳು ನಮ್ಮ ಬೀದಿಯಲ್ಲೇ ಇವೆ.

ಬೀದಿನಾಯಿ ಅಕ್ಕ:
ಇದನ್ನೇ ನಾನು ಹೇಳ್ತಾ ಇದ್ದಿದ್ದು.

ಸಾಗರದ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಕೂತು ಮಾತಾಡಿದೆವು. ಕರಿಯ ಸಾಗರದಲ್ಲೇ ಇರಲಿ ಅಂತ ತೀರ್ಮಾನ. ಹೊಸ ಕೋಣೆಗೆ ಬಾಗಿಲು ಮಾಡಿಸಲು ಮಾವ ಆಗಲೇ ಬಡಗಿಗೆ ಹೇಳಿದ್ದಾರೆ. ತಿಂಗಳ ಖರ್ಚು, ಡಾಕ್ಟರು, ಲಸಿಕೆ ಎಲ್ಲ ಮೈದುನನ ಜೊತೆ ಮಾತಾಯಿತು. ಬೆಕ್ಕುಗಳ ಬಗ್ಗೆ ಬಾಫ್‌ಗೆ ಮೇಲ್ ಹಾಕಿದ್ದೇನೆ, ಅಕ್ಕನನ್ನೂ ಕೇಳಿದ್ದೇನೆ. ಉತ್ತರ ಬರುವ ತನಕ ಅವು ತುಮಕೂರಿನ ಅಮ್ಮನ ಮನೆಯಲ್ಲಿ.

ಆ ಏಜೆಂಟ್ ಇವತ್ತು ಮತ್ತೆ ಫೋನ್ ಮಾಡಿದ್ದ. ಬಾಫ್ ಪತ್ರ ತೋರಿಸಿ ಅಂದೆ. "ಮೇಡಂ ಅದೆಲ್ಲ ಬೇಕಿಲ್ಲ, ದುಬೈ ಮೇಲೆ ಹಾಕಿ ಕಳಿಸೋಣ, ಸ್ವಲ್ಪ ಜಾಸ್ತಿ ಆಗುತ್ತೆ ಅಷ್ಟೇ" ಅಂದ.

ಆಕ್ಲೆಂಡ್ ಗೌಡ:
ದುಬೈಯಲ್ಲಿ ಅಷ್ಟು ತಿಂಗಳು ಬೆಕ್ಕು ಯಾರ ಮನೆಯಲ್ಲಿ ಇರುತ್ತೆ, ಆ ಮನೆಯ ವಿಳಾಸ ಕೊಡು ಅಂತ ಕೇಳಿ. ಅವನೇ ಫೋನ್ ಇಡ್ತಾನೆ.